ಮನೆತನಗಳ ಲೆಕ್ಕ ಬರೆದಿಟ್ಟ ವಕೀಲರು

(ಬಸದಿಯ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ನಾನು ಪಂಡಿತನಲ್ಲ. ಮ್ಯಾಟ್ರಿಕ್‌ವರೆಗೆ ಓದಿ ಅಂಗಡಿಯ ಗಾದಿಯ ಮೇಲೆ ಕುಳಿತವನು. ಶಾಸ್ತ್ರವಿಷಯವನ್ನು ಹೇಳಲು ಇಲ್ಲಿ ಅಧಿಕಾರವುಳ್ಳವರು ಅನೇಕರಿದ್ದಾರೆ. ಆದುದರಿಂದ ಸಮಿತಿಯವರು ನನ್ನನ್ನೂ ನಾಲ್ಕು ಮಾತನಾಡಬೇಕೆಂದು ಒತ್ತಾಯ ಮಾಡಿದಾಗ, ವ್ಯಾಪಾರಿಗೆ ತಿಳಿಯಬಹುದಾದ ವಿಷಯವೊಂದನ್ನು ಆರಿಸಿಕೊಂಡೆನು. ಅದು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸಂಬಂಧಪಟ್ಟ ಜನರ ನಡುವೆ ಬಾಳಿದ ಒಬ್ಬ ವಕೀಲರ ವಿಷಯ. ಅವರ ಹೆಸರು ರಾವ್ ಬಹಾದ್ದೂರ್ ಶ್ರೀಪಾದ ಸುಬ್ರಾವ್ ತಲ್ಮಕಿ. ಅವರು ನಮ್ಮ ಧರ್ಮದವರಲ್ಲ. ಶಿರಾಲಿಯ ಚಿತ್ರಾಪುರ ಮಠದ ಶಿಷ್ಯವರ್ಗಕ್ಕೆ ಸೇರಿದ ಸಾರಸ್ವತರು. ಆದರೆ ಗುಣವನ್ನು ಎಲ್ಲಿ ಕಂಡರೂ ಮೆಚ್ಚಬೇಕೆಂಬ ಪ್ರಮೋದಭಾವನೆಯನ್ನು ನಮಗೆ ನಮ್ಮ ಆಚಾರ್ಯರೇ ಕಲಿಸಿದ್ದಾರೆ.

ತಲ್ಮಕಿಯವರ ಕೆಲಸ ಅರ್ಥವಾಗಬೇಕಾದರೆ ಈ ಜಿಲ್ಲೆಯ ಹಿಂದಿನ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಬ್ರಿಟಿಷರ ಕಾಲದಲ್ಲಿ ಕನ್ನಡ ಜಿಲ್ಲೆ ಮೊದಲು ಮದ್ರಾಸು ಇಲಾಖೆಗೆ ಸೇರಿತ್ತು. ಅದನ್ನು ಎರಡು ಭಾಗ ಮಾಡಿ, 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿ ಇಲಾಖೆಗೆ ಒಪ್ಪಿಸಿದರು. ಅದೇ ವರ್ಷ ಮುಂಬಯಿಯಲ್ಲಿ ಹೈಕೋರ್ಟು ಸ್ಥಾಪನೆಯಾಯಿತು. ಕಾರವಾರ, ಕುಮಟಾ, ಹೊನ್ನಾವರ, ಭಟಕಳಗಳ ಓದಿದ ಹುಡುಗರಿಗೆ ಅಲ್ಲಿಂದ ಮುಂದೆ ಮುಂಬಯಿಯೇ ರಾಜಧಾನಿ. ಕಾಲೇಜು ಅಲ್ಲಿ, ಕಚೇರಿ ಅಲ್ಲಿ, ನ್ಯಾಯಾಲಯ ಅಲ್ಲಿ. ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರ ಅವರು ಇದೇ ಹಾದಿಯಲ್ಲಿ ಹೋಗಿ, 1900ರಲ್ಲಿ ಲಾಹೋರಿನ ಕಾಂಗ್ರೆಸ್ಸಿನ ಅಧ್ಯಕ್ಷರಾದರು, ಹೈಕೋರ್ಟಿನ ನ್ಯಾಯಾಧೀಶರಾದರು. ಆದರೆ ಹೋದವರೆಲ್ಲ ನ್ಯಾಯಾಧೀಶರಾಗಲಿಲ್ಲ. ಬಹುಮಂದಿ ಸಣ್ಣ ಸಂಬಳದ ಗುಮಾಸ್ತರಾಗಿ, ಚಾಳಿನ ಒಂದೆರಡು ಕೋಣೆಗಳಲ್ಲಿ ಸಂಸಾರ ಹೂಡಿದರು. ಊರಿನಲ್ಲಿ ಕಷ್ಟ ಬಂದರೆ ನೆರೆಮನೆಯವರ ಬಾಗಿಲು ತಟ್ಟಬಹುದು. ಅಪರಿಚಿತ ಪಟ್ಟಣದಲ್ಲಿ ಕೈಕಡ ಕೊಡುವವರು ಯಾರು?

ಮುಂಬಯಿಯಲ್ಲಿ ಶಾಮರಾವ್ ವಿಠಲ ಕಾಯ್ಕಿಣಿ ಎಂಬ ವಕೀಲರಿದ್ದರು. ಅವರು ಪರೋಪಕಾರಿಗಳು. ತಲ್ಮಕಿಯವರು ಅವರನ್ನು ಗುರುಗಳೆಂದು ಭಾವಿಸಿದ್ದರು. ತಮ್ಮ ಜನರ ಬಡಕುಟುಂಬಗಳಿಗೆ ಆಧಾರವಾಗುವಂಥ ನಿಧಿಯೊಂದು ಆಗಬೇಕೆಂಬುದು ಶಾಮರಾಯರ ಕನಸಾಗಿತ್ತು. ಅವರು ಕಾಲವಾದ ಮೇಲೆ, 1906ರ ಡಿಸೆಂಬರ 27ರಂದು, ಗುರುಗಳ ಹೆಸರಿನಲ್ಲಿಯೇ ತಲ್ಮಕಿಯವರು ಒಂದು ಸಹಕಾರಿ ಪತ್ತಿನ ಸಂಘವನ್ನು ನೆಲೆಗೊಳಿಸಿದರು. ಅದೇ ಮುಂದೆ ಶಾಮರಾವ್ ವಿಠಲ ಸಹಕಾರಿ ಬ್ಯಾಂಕಾಗಿ ಬೆಳೆದು ಇಂದಿಗೂ ನಡೆಯುತ್ತಿದೆ. ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಂಘವನ್ನು ಕಟ್ಟಿದ್ದು 1905ರಲ್ಲಿ. ಹಳ್ಳಿಯಲ್ಲಿ ಗೌಡರು ಹೊಲದ ಜನರಿಗಾಗಿ ಮಾಡಿದ್ದನ್ನು, ಮರುವರ್ಷವೇ ವಕೀಲರು ಪಟ್ಟಣದಲ್ಲಿ ಗುಮಾಸ್ತರಿಗಾಗಿ ಮಾಡಿದರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿತು. ಭಾರತದಲ್ಲಿ ಸಹಕಾರದ ತತ್ತ್ವದ ಮೇಲೆ ಮನೆ ಕಟ್ಟಿದವರಲ್ಲಿ ಅದು ಮೊದಲಿನದೆಂದು ಹೇಳುತ್ತಾರೆ. ಅದರ ಹಿಂದೆಯೂ ತಲ್ಮಕಿಯವರೇ ಇದ್ದರು. ತಾಡದೇವದಲ್ಲಿ ಅವರ ಹೆಸರನ್ನು ಹೊತ್ತ ತಲ್ಮಕಿವಾಡಿ ಈಗಲೂ ಇದೆ. 'ಭಾರತ ಮತ್ತು ಹೊರದೇಶಗಳಲ್ಲಿ ಸಹಕಾರ' ಎಂಬ ಅರ್ಥದ ದೊಡ್ಡ ಗ್ರಂಥವನ್ನೂ ಅವರು ಇಂಗ್ಲಿಷಿನಲ್ಲಿ ಬರೆದರು.

ಇಷ್ಟೇ ಆಗಿದ್ದರೆ ಅವರನ್ನು ಸಹಕಾರ ಸಪ್ತಾಹದಲ್ಲಿ ನೆನೆದು ಸುಮ್ಮನಾಗಬಹುದಿತ್ತು. ಆದರೆ ಇದೇ ವಕೀಲರು 1930ರ ದಶಕದಲ್ಲಿ ಮತ್ತೊಂದು ಕೆಲಸಕ್ಕೆ ಕೈಹಾಕಿದರು. ತಮ್ಮ ಸಮಾಜದ ಮನೆತನಗಳ ಚರಿತ್ರೆಯನ್ನು ಸಂಗ್ರಹಿಸಿ, 'ಸಾರಸ್ವತ ಫ್ಯಾಮಿಲೀಸ್' ಎಂಬ ಹೆಸರಿನಲ್ಲಿ ಭಾಗ ಭಾಗವಾಗಿ ಪ್ರಕಟಿಸಿದರು. ಯಾವ ಮನೆತನ ಎಲ್ಲಿಂದ ಬಂದಿತು, ಮೂಲಪುರುಷನು ಯಾರು, ಕವಲುಗಳು ಹೇಗೆ ಒಡೆದವು ಎಂಬಂಥ ಸಂಗತಿಗಳ ಗ್ರಂಥ ಅದು.

ಬ್ಯಾಂಕು ಕಟ್ಟಿದವರಿಗೆ ವಂಶಾವಳಿಯ ಗೊಡವೆ ಏಕೆ ಎಂದು ತಾವು ಕೇಳಬಹುದು. ವ್ಯಾಪಾರಿಯಾದ ನನಗೆ ತೋರಿದ ಉತ್ತರವನ್ನು ಹೇಳುತ್ತೇನೆ. ನಮ್ಮ ಕಡೆ ಸಾಲವನ್ನು ನಂಬಿಕೆಯ ಮೇಲೆ ಕೊಡುವುದಕ್ಕೆ 'ಪತ್ತು' ಎನ್ನುತ್ತೇವೆ. ಪತ್ತು ಹುಟ್ಟುವುದು ಪರಿಚಯದಿಂದ. ಗಿರಾಕಿಯ ತಂದೆ ಯಾರು, ಅಜ್ಜ ಯಾರು, ಕೊಟ್ಟ ಮಾತಿಗೆ ನಡೆದ ಮನೆಯೋ ಅಲ್ಲವೋ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ; ಅದನ್ನು ಯಾರೂ ಬರೆದಿಡಬೇಕಾಗಿಲ್ಲ. ಊರು ಬಿಟ್ಟ ಮೇಲೆ ಈ ಪರಿಚಯ ಒಂದು ತಲೆಮಾರು ಉಳಿಯುತ್ತದೆ, ಎರಡನೆಯದರಲ್ಲಿ ಮಸುಕಾಗುತ್ತದೆ, ಮೂರನೆಯದರಲ್ಲಿ ಇಲ್ಲವಾಗುತ್ತದೆ. ಪತ್ತಿನ ಸಂಘ ಕಟ್ಟಿ ಮೂರು ದಶಕ ಕಳೆಯುವಷ್ಟರಲ್ಲಿ, ಊರಿನ ಮುಖವನ್ನೇ ಕಾಣದ ಮಕ್ಕಳು ಮುಂಬಯಿಯಲ್ಲಿ ಬೆಳೆದಿದ್ದರು. ಬಾಯಲ್ಲಿ ಇದ್ದುದನ್ನು ಕಾಗದಕ್ಕೆ ಇಳಿಸುವ ಕಾಲ ಅದಾಗಿತ್ತು. ಪತ್ತಿನ ಸಂಘ ಮತ್ತು ಮನೆತನಗಳ ಪುಸ್ತಕ ಇವೆರಡೂ ಒಂದೇ ಗಾದಿಯಲ್ಲಿ ಕುಳಿತು ಬರೆದ ಎರಡು ಲೆಕ್ಕಗಳೆಂದು ನಾನು ತಿಳಿಯುತ್ತೇನೆ. ಒಂದು ಹಣದ ಲೆಕ್ಕ, ಇನ್ನೊಂದು ಜನರ ಲೆಕ್ಕ.

ಈ ಕೆಲಸಕ್ಕೆ ವಕೀಲಿ ವಿದ್ಯೆ ಬಹಳ ಒದಗಿ ಬರುವಂಥದು. ಮನೆತನದ ಮಾತು ಬಂದರೆ ನಾವು ಕಥೆ ಹೇಳುತ್ತೇವೆ; ವಕೀಲನು ಸಾಕ್ಷ್ಯ ಕೇಳುತ್ತಾನೆ. 1872ರ ಸಾಕ್ಷ್ಯ ಕಾಯಿದೆಯಲ್ಲಿ ಈ ಬಗ್ಗೆ ಇದ್ದ ಮಾತುಗಳನ್ನು ಪರಿಚಯದ ವಕೀಲರೊಬ್ಬರಿಂದ ತಿಳಿದುಕೊಂಡಿದ್ದೇನೆ. ತೀರಿಹೋದ ವ್ಯಕ್ತಿಯು ರಕ್ತಸಂಬಂಧ, ವಿವಾಹ ಅಥವಾ ದತ್ತಕದ ವಿಷಯವಾಗಿ ತಿಳಿದು ಹೇಳಿದ ಮಾತನ್ನು ನ್ಯಾಯಾಲಯವು ಪರಿಗಣಿಸಬಹುದು. ಮನೆಯ ವಂಶಾವಳಿಯಲ್ಲಿ, ಮೃತ್ಯುಪತ್ರದಲ್ಲಿ, ಸಮಾಧಿಯ ಕಲ್ಲಿನ ಮೇಲೆ ಬರೆದುದನ್ನೂ ಪರಿಗಣಿಸಬಹುದು. ಆದರೆ ಒಂದು ಷರತ್ತು: ಆ ಮಾತು ತಂಟೆ ಹುಟ್ಟುವ ಮೊದಲೇ ಹೇಳಿದ್ದಾಗಿರಬೇಕು. ಜಗಳ ಶುರುವಾದ ಮೇಲೆ ಬರೆದ ವಂಶಾವಳಿಗೆ ಆ ಬೆಲೆಯಿಲ್ಲ. ಅಂಗಡಿಯ ಕೀರ್ದಿ ಖತಾವಣಿಗಳ ಬಗ್ಗೆಯೂ ಕಾಯಿದೆ ಒಂದು ಮಾತು ಹೇಳಿತ್ತು. ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕ ಸಾಕ್ಷ್ಯವಾಗುತ್ತದೆ. ಆದರೆ ಅದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು, ಬೇರೆ ಆಧಾರವೂ ಬೇಕು. 2024ರ ಜುಲೈ 1ರಿಂದ ಹಳೆಯ ಕಾಯಿದೆಯ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಈ ತತ್ತ್ವಗಳು ಅದರಲ್ಲಿಯೂ ಉಳಿದಿವೆ. ತಂಟೆಗೆ ಮುಂಚೆ ಬರೆ. ತಿಳಿದವರಿಂದ ಕೇಳಿ ಬರೆ. ಒಂದೇ ಆಧಾರವನ್ನು ನಂಬಬೇಡ. ಮನೆತನದ ಚರಿತ್ರೆ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಮೂರು ಸೂತ್ರಗಳನ್ನು ಯಾವ ಪಂಡಿತನು ಕೊಟ್ಟಾನು?

ತಲ್ಮಕಿಯವರ ಶ್ರಮದ ಫಲ ಎಲ್ಲಿಗೆ ಮುಟ್ಟಿತೆಂಬುದನ್ನೂ ಹೇಳಬೇಕು. ಫ್ರಾಂಕ್ ಕಾನ್ಲನ್ ಎಂಬ ಅಮೆರಿಕೆಯ ಇತಿಹಾಸಕಾರರು ಚಿತ್ರಾಪುರ ಸಾರಸ್ವತರ 1700ರಿಂದ 1935ರವರೆಗಿನ ಚರಿತ್ರೆಯನ್ನು ಬರೆದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮುದ್ರಣಾಲಯ ಅದನ್ನು 1977ರಲ್ಲಿ ಪ್ರಕಟಿಸಿತು. ಒಂದು ಸಣ್ಣ ಸಮಾಜವು ಹಳ್ಳಿಯ ಲೆಕ್ಕಪತ್ರದ ವೃತ್ತಿಯಿಂದ ಪಟ್ಟಣದ ಕಚೇರಿಗೆ ಹೇಗೆ ನಡೆದು ಬಂದಿತೆಂಬುದನ್ನು ಅದರಲ್ಲಿ ಕಾಣಬಹುದು. ಅಂಥ ವಿದ್ವಾಂಸರಿಗೂ ತಲ್ಮಕಿಯವರ ಮನೆತನಗಳ ಸಂಗ್ರಹ ಆಧಾರವಾಗಿ ಒದಗಿತು. ಮನೆಯವರಿಗಾಗಿ ಬರೆದಿಟ್ಟ ಪುಸ್ತಕ ನಾಲ್ಕು ದಶಕಗಳ ನಂತರ ಸಮುದ್ರದಾಚೆಯ ವಿದ್ವಾಂಸರ ಮೇಜಿನ ಮೇಲೆ ತೆರೆದುಕೊಂಡಿತು. ಬರೆಯದೆ ಹೋಗಿದ್ದರೆ ಆ ವಿದ್ವಾಂಸರು ಯಾರನ್ನು ಕೇಳಬೇಕಾಗಿತ್ತು?

ಅಡ್ಡಹೆಸರುಗಳ ಸಂಗತಿಯನ್ನೇ ನೋಡಿರಿ. ಕಾಯ್ಕಿಣಿ, ಚಂದಾವರಕರ, ಹಳದೀಪುರ, ಗೋಕರ್ಣ, ಬಸ್ರೂರು, ಪಡುಕೋಣೆ, ಕಾರ್ನಾಡ, ಉಳ್ಳಾಲ ಇವೆಲ್ಲ ಊರಿನ ಹೆಸರುಗಳು. ನಾಡಕರ್ಣಿ, ಕುಲಕರ್ಣಿ, ಶಾನಭಾಗ ಇವು ಉದ್ಯೋಗದ ಹೆಸರುಗಳು. ಹೆಸರಿನಲ್ಲಿ ಊರು ಉಳಿದಿದೆ, ಉದ್ಯೋಗ ಉಳಿದಿದೆ. ಆದರೆ ಆ ಊರನ್ನು ಏಕೆ ಬಿಟ್ಟರು, ಯಾವ ಸಂಕಟದಲ್ಲಿ ಬಿಟ್ಟರು, ಯಾರು ಆಶ್ರಯ ಕೊಟ್ಟರು ಎಂಬುದು ಹೆಸರಿನಲ್ಲಿ ಉಳಿಯುವುದಿಲ್ಲ. ಅದನ್ನು ಯಾರಾದರೂ ಕುಳಿತು ಬರೆಯಬೇಕು.

ಈ ವಿಷಯವನ್ನು ನಾನು ಮೊದಲೇ ಹಿರಿಯರೊಬ್ಬರ ಮುಂದೆ ಪ್ರಸ್ತಾಪಿಸಿದಾಗ, ಅವರು ಒಂದು ಆಕ್ಷೇಪವನ್ನು ಎತ್ತಿದರು. "ತಮ್ಮಾ, ಅಷ್ಟಮದಗಳಲ್ಲಿ ಕುಲಮದವೂ ಒಂದು, ಜಾತಿಮದವೂ ಒಂದು. ಮನೆತನದ ಚರಿತ್ರೆ ಬರೆಯಿರಿ ಎಂದು ಬಸದಿಯ ಅಂಗಳದಲ್ಲಿ ಹೇಳುವುದು ಸರಿಯೇ?" ಎಂದರು. ಆಕ್ಷೇಪ ಹಗುರವಾದುದಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಓದಿದವರಿಗೆ ಈ ಎಚ್ಚರಿಕೆ ಗೊತ್ತಿದೆ. ವಂಶಾವಳಿಗಳಲ್ಲಿ ಬಹಳಷ್ಟು ಬರೀ ಜಂಬದ ಪಟ್ಟಿಗಳೆಂಬುದೂ ನಿಜ. ದೇಸಾಯಿಕೆ ಬಂದದ್ದನ್ನು ಬರೆಯುತ್ತಾರೆ, ದಿವಾಳಿಯಾದದ್ದನ್ನು ಬಿಡುತ್ತಾರೆ. ದಾನ ಕೊಟ್ಟದ್ದನ್ನು ಬರೆಯುತ್ತಾರೆ, ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದನ್ನು ಬಿಡುತ್ತಾರೆ.

ನಾನು ಆ ಹಿರಿಯರಿಗೆ ಹೇಳಿದ ಉತ್ತರ ಇಷ್ಟು. ಲೆಕ್ಕ ಬರೆಯುವುದು ಮದವಲ್ಲ. ಜಮೆಯನ್ನಷ್ಟೇ ಬರೆದು ಖರ್ಚನ್ನು ಬಿಟ್ಟರೆ ಅದು ಮದ. ಜಮೆ ಖರ್ಚು ಎರಡನ್ನೂ ಬರೆದ ಮನೆತನದ ಚರಿತ್ರೆಯನ್ನು ಓದಿದವನು ಸೊಕ್ಕುವುದಿಲ್ಲ, ತಗ್ಗುತ್ತಾನೆ. ಯಾರ ಶ್ರಮದಿಂದ ತಾನು ಇಲ್ಲಿ ಕುಳಿತಿದ್ದೇನೆಂಬುದು ಅವನಿಗೆ ತಿಳಿಯುತ್ತದೆ. ನಮ್ಮಲ್ಲಿ ಕ್ಷಮಾವಣಿಯ ದಿನ ತಪ್ಪು ಒಪ್ಪುಗಳನ್ನು ಒಪ್ಪಿಕೊಳ್ಳುವ ಪದ್ಧತಿಯಿದೆ. ಒಂದು ಮನೆತನವೂ ಹಾಗೆ ತನ್ನ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಸಬಹುದು.

ಇನ್ನು, ಇದು ನಮ್ಮ ಜನರಿಗೆ ಹೊಸದೂ ಅಲ್ಲ. ಹಳಿಯಾಳದ ಆಚೆ, ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಸಿಕ್ಕಿದ ಕದಂಬರ ತಾಮ್ರಪಟಗಳನ್ನು ನೆನೆಯಿರಿ. ಸುಮಾರು 1500 ವರ್ಷಗಳ ಹಿಂದಿನವು. ಕದಂಬರ ಕಾಕುಸ್ಥವರ್ಮನು ಶ್ರುತಕೀರ್ತಿಯೆಂಬ ಸೇನಾಪತಿಗೆ ಭೂಮಿಯನ್ನು ಕೊಟ್ಟನು. ಮುಂದೆ ರವಿವರ್ಮನ ಕಾಲದ ಪಟದಲ್ಲಿ ಅದೇ ಮನೆತನದ ಕಥೆ ಮುಂದುವರಿಯುತ್ತದೆ. ಅಲ್ಲಿ ಶ್ರುತಕೀರ್ತಿ ಬರುತ್ತಾನೆ, ದಾಮಕೀರ್ತಿಯ ತಾಯಿ ಬರುತ್ತಾಳೆ, ದಾಮಕೀರ್ತಿಯ ಮಗ ಜಯಕೀರ್ತಿ ಬರುತ್ತಾನೆ; ಭೂಮಿಯ ಉತ್ಪನ್ನ ಕೊನೆಗೆ ಜಿನೇಂದ್ರನ ಅಷ್ಟಾಹ್ನಿಕ ಪೂಜೆಗೆ ಸಲ್ಲುತ್ತದೆ. ಭೂಮಿಯ ಹಕ್ಕನ್ನು ಸ್ಥಿರಪಡಿಸಲು ಬರೆದ ಪತ್ರದಲ್ಲಿ ಒಂದು ಜೈನ ಮನೆತನದ ಹಲವು ತಲೆಮಾರುಗಳು ಉಳಿದುಕೊಂಡವು. ಕಾಯಿದೆಯ ಪತ್ರವೇ ಚರಿತ್ರೆಯಾಯಿತು. ಕದಂಬರ ಕಾಲದಲ್ಲಿ ಆ ಪಟವನ್ನು ಬರೆದವನೂ ತಲ್ಮಕಿಯವರ ವೃತ್ತಿಬಂಧುವೇ ಸರಿ. ಆದರೆ ಆ ತಾಯಿಯನ್ನು ದಾಮಕೀರ್ತಿಯ ತಾಯಿ ಎಂದಷ್ಟೇ ಕರೆದಿದ್ದಾರೆ. ಆಕೆಯ ಹೆಸರೇನೆಂದು ಇಂದು ಯಾರೂ ಹೇಳಲಾರರು.

ಇದಕ್ಕೆ ಎದುರಾಗಿ ಇನ್ನೊಂದು ಉದಾಹರಣೆ. ಆದಿಕವಿ ಪಂಪನ ತಮ್ಮ ಜಿನವಲ್ಲಭನು ಹತ್ತನೆಯ ಶತಮಾನದಲ್ಲಿ, ಇಂದಿನ ತೆಲಂಗಾಣಕ್ಕೆ ಸೇರಿದ ಕುರಿಕ್ಯಾಲದ ಹತ್ತಿರದ ಬೆಟ್ಟದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಒಂದು ಶಾಸನವನ್ನು ಕೊರೆಯಿಸಿದನು. ಅದರಲ್ಲಿ ತಂದೆ ಭೀಮಪಯ್ಯನನ್ನಷ್ಟೇ ಅಲ್ಲ, ತಾಯಿ ಅಬ್ಬಣಬ್ಬೆಯನ್ನೂ ಹೆಸರಿಸಿದನು. ಆಕೆ ಅಣ್ಣಿಗೇರಿಯ ಜೋಯಿಸ ಸಿಂಘನ ವಂಶದವಳೆಂದೂ ಹೇಳಿದನು. ಆ ಒಂದು ಮಾತಿನಿಂದ ಪಂಪನ ತಾಯಿಯ ಕಡೆಯ ಬೇರು ನಮ್ಮ ಧಾರವಾಡ ಸೀಮೆಯ ಅಣ್ಣಿಗೇರಿಯಲ್ಲಿತ್ತೆಂದು ತಿಳಿಯಿತು. ತಮ್ಮನು ತಾಯಿಯ ತವರನ್ನು ಕಲ್ಲಿನ ಮೇಲೆ ಬರೆಯಿಸಿದ್ದರಿಂದ ಇಡೀ ನಾಡಿಗೆ ತನ್ನ ಮೊದಲ ಮಹಾಕವಿಯ ತಾಯಿ ದೊರಕಿದಳು.

ಈಗ ನಮ್ಮ ಮನೆಗಳ ಸ್ಥಿತಿ ಏನು? ನನ್ನ ಅಜ್ಜನ ಕಾಲದ ಖತಾವಣಿಗಳು ಮೋಡಿ ಲಿಪಿಯಲ್ಲಿವೆ. ನನಗೆ ಅವನ್ನು ಓದಲು ಬರುವುದಿಲ್ಲ. ಓದಿ ಹೇಳುತ್ತಿದ್ದ ಹಿರಿಯರು ಈಗಿಲ್ಲ. ಪ್ರತಿ ದೀಪಾವಳಿಗೆ ಹೊಸ ಪುಸ್ತಕಕ್ಕೆ ಪೂಜೆಯಾಗುತ್ತದೆ, ಹಳೆಯದು ಅಟ್ಟ ಸೇರುತ್ತದೆ. ಅಟ್ಟದಿಂದ ಗೆದ್ದಲಿಗೆ, ಗೆದ್ದಲಿನಿಂದ ಒಲೆಗೆ. ಆ ಪುಸ್ತಕಗಳಲ್ಲಿ ಅಕ್ಕಿ ಬೆಲ್ಲದ ದರವಷ್ಟೇ ಇಲ್ಲ. ಯಾವ ಮದುವೆಗೆ ಎಷ್ಟು ಖರ್ಚಾಯಿತು, ಯಾವ ಬಸದಿಗೆ ಎಣ್ಣೆ ಹೋಯಿತು, ಯಾವ ವರ್ಷ ಯಾವ ರೈತನ ಬಾಕಿಯನ್ನು ಬಿಟ್ಟುಕೊಟ್ಟರು ಎಂಬುದೆಲ್ಲ ಇದೆ. 1974ರ ಭೂಸುಧಾರಣೆಯ ಕಾಲದಲ್ಲಿ ಕಾಗದಪತ್ರದ ಬೆಲೆ ಏನೆಂದು ಈ ಜಿಲ್ಲೆಯ ಒಡೆಯರಿಗೂ ಗೇಣಿದಾರರಿಗೂ ಚೆನ್ನಾಗಿ ತಿಳಿಯಿತು. ಪತ್ರ ಇದ್ದವರು ಮಾತನಾಡಿದರು, ಇಲ್ಲದವರು ಸುಮ್ಮನೆ ನಿಂತರು. ಮನೆತನದ ನೆನಪಿಗೂ ಇದೇ ನ್ಯಾಯ. ಇಂದು ನಮ್ಮ ಮಕ್ಕಳು ಹುಬ್ಬಳ್ಳಿ, ಬೆಂಗಳೂರು, ಪುಣೆಗಳಲ್ಲಿದ್ದಾರೆ; ಕೆಲವರು ಸಮುದ್ರವನ್ನೇ ದಾಟಿದ್ದಾರೆ. 1930ರ ದಶಕದಲ್ಲಿ ಸಾರಸ್ವತರಿಗೆ ಬಂದ ಗಳಿಗೆ ನಮಗೆ ಈಗ ಬಂದಿದೆ. ಸಂಬಂಧ ನೋಡಲು ಬಂದವರು ಮುತ್ತಜ್ಜನ ಹೆಸರು ಕೇಳಿದರೆ ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡುವ ಪ್ರಸಂಗ ಇಲ್ಲಿಯ ಎಷ್ಟೋ ಮನೆಗಳಲ್ಲಿ ಆಗಿದೆ. ಮುತ್ತಜ್ಜಿಯ ಹೆಸರನ್ನಂತೂ ಕೇಳುವವರೂ ಇಲ್ಲ.

ಆದುದರಿಂದ ಈ ಸಭೆಯ ಮುಂದೆ ಒಂದು ಸಣ್ಣ ಸೂಚನೆಯನ್ನು ಇಡುತ್ತೇನೆ. ನಮ್ಮಲ್ಲಿ ತಲ್ಮಕಿಯವರಂಥ ವಕೀಲರು ಹುಟ್ಟಿ ಬರಲೆಂದು ಕಾಯುವುದು ಬೇಡ. ಪ್ರತಿ ಮನೆಯವರೂ ಎರಡು ಹಾಳೆ ಬರೆಯಲಿ. ಮೊದಲನೆಯ ಹಾಳೆಯಲ್ಲಿ ನಾಲ್ಕು ತಲೆಮಾರಿನ ಹೆಸರುಗಳು. ಗಂಡಸರವಷ್ಟೇ ಅಲ್ಲ, ಮನೆಗೆ ಬಂದ ಸೊಸೆಯರದು ಅವರ ತವರೂರಿನ ಸಹಿತ, ಮನೆಯಿಂದ ಹೋದ ಹೆಣ್ಣುಮಕ್ಕಳದು ಅವರ ಗಂಡನ ಊರಿನ ಸಹಿತ. ಎರಡನೆಯ ಹಾಳೆಯಲ್ಲಿ ಮನೆತನ ಎಲ್ಲಿಂದ ಬಂದಿತು, ಏನು ಉದ್ಯೋಗ ಮಾಡಿತು, ಯಾವ ಕಷ್ಟ ಕಂಡಿತು, ಯಾರ ಉಪಕಾರ ಪಡೆಯಿತು ಎಂಬುದು. ಕಾಗದದಲ್ಲಿ ಕಂಡದ್ದನ್ನು 'ಕಂಡದ್ದು' ಎಂದೂ, ಹಿರಿಯರಿಂದ ಕೇಳಿದ್ದನ್ನು 'ಕೇಳಿದ್ದು' ಎಂದೂ ಬೇರೆ ಬೇರೆ ಗುರುತು ಮಾಡಲಿ. ಹೇಳಿದವರ ಹೆಸರನ್ನೂ ದಿನಾಂಕವನ್ನೂ ಬರೆಯಲಿ. ಗೊತ್ತಿಲ್ಲದ ಜಾಗವನ್ನು ಖಾಲಿ ಬಿಡಲಿ, ಕಲ್ಪಿಸಿ ತುಂಬುವುದು ಬೇಡ. ಖಾಲಿ ಬಿಟ್ಟ ಜಾಗವನ್ನು ಮುಂದೆ ಯಾರಾದರೂ ತುಂಬಬಹುದು. ಸುಳ್ಳು ತುಂಬಿದ ಜಾಗವನ್ನು ಯಾರೂ ತೆರವು ಮಾಡಲಾರರು. ಹಾಳೆಗಳ ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ಬಸದಿಯ ಕಪಾಟಿನಲ್ಲಿರಲಿ. ಮನೆಯವರ ಒಪ್ಪಿಗೆಯಿಲ್ಲದೆ ಯಾರೂ ಅದನ್ನು ಅಚ್ಚು ಮಾಡಬಾರದು. ಮೋಡಿ ಓದಬಲ್ಲವರು ಯಾರಾದರೂ ಈ ಭಾಗದಲ್ಲಿ ಉಳಿದಿದ್ದರೆ, ಅವರನ್ನು ಗೌರವದಿಂದ ಕರೆಯಿಸಿ, ಹಳೆಯ ಪುಸ್ತಕಗಳನ್ನು ಅವರಿಂದ ಓದಿಸೋಣ. ಇಲ್ಲಿ ಕುಳಿತಿರುವ ಎಂಬತ್ತು ದಾಟಿದ ತಾಯಂದಿರ ಬಾಯಿಂದ ಈ ವರ್ಷವೇ ಬರೆದುಕೊಳ್ಳೋಣ. ತಂಟೆಗೆ ಮುಂಚೆ ಬರೆಯಬೇಕೆಂದು ಕಾಯಿದೆ ಹೇಳಿತು. ಮರಣಕ್ಕೂ ಮುಂಚೆ ಬರೆಯಬೇಕೆಂದು ನಾನು ಸೇರಿಸುತ್ತೇನೆ.

ಶಾಸ್ತ್ರದಾನವನ್ನು ನಾವು ದೊಡ್ಡ ದಾನವೆಂದು ಎಣಿಸುತ್ತೇವೆ. ಲಕ್ಕುಂಡಿಯ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಆಕೆ ಬರೆಯಿಸಿದ್ದು ತೀರ್ಥಂಕರರ ಚರಿತ್ರೆಯನ್ನು. ನಾವು ಬರೆಯಬೇಕಾದದ್ದು ಸಾಮಾನ್ಯ ಶ್ರಾವಕರ ಚರಿತ್ರೆಯನ್ನು. ಅದಕ್ಕೆ ಸಾವಿರ ಪ್ರತಿ ಬೇಡ, ಎರಡು ಸಾಕು.

 ಹಾಳೆಗಳನ್ನು ಸಮಿತಿಯವರು ಊಟದ ಚಪ್ಪರದ ಬಾಗಿಲಲ್ಲಿ ಇರಿಸಿದ್ದಾರೆ; ದಯಮಾಡಿ ಮನೆಗೆ ಎರಡರಂತೆ ತೆಗೆದುಕೊಂಡು ಹೋಗಬೇಕು. ಜಿನಶಾಸನವು ಜಯವಂತವಾಗಲಿ. ಜಯ ಜಿನೇಂದ್ರ.